ಠಾಣೆಯ ಗಡಿಯೂ ಕಳ್ಳನ ಹಾದಿಯೂ

ಬೆಳಗಿನ ಜಾವ ಐದೂವರೆ ಗಂಟೆ. ವಿಜಯನಗರದ ಒಂದು ಅಡ್ಡರಸ್ತೆಯಲ್ಲಿ ಬೀದಿಯ ದೀಪಗಳು ಇನ್ನೂ ಆರಿಲ್ಲ. ಹಾಲಿನ ಹುಡುಗ ಬಂದು ಹೋಗಿದ್ದಾನೆ. ಪತ್ರಿಕೆಯ ಹುಡುಗ ಇನ್ನೂ ಬರಬೇಕಾಗಿದೆ. ಗೃಹಿಣಿಯೊಬ್ಬಳು ಅಂಗಳಕ್ಕೆ ನೀರು ಚಿಮುಕಿಸಿ, ಬಾಗಿ ನಿಂತು ರಂಗವಲ್ಲಿಯ ಎಳೆಗಳನ್ನು ಬಿಡಿಸುತ್ತಿದ್ದಾಳೆ. ಬೈಕೊಂದು ತಿರುವಿನಲ್ಲಿ ಕಾಣಿಸಿಕೊಳ್ಳುತ್ತದೆ. ಹಿಂದೆ ಕುಳಿತವನು ಯಾವುದೋ ಮನೆಯ ವಿಳಾಸ ಕೇಳುತ್ತಾನೆ. ಆಕೆ ತಲೆಯೆತ್ತಿ ಉತ್ತರ ಹೇಳುವಷ್ಟರಲ್ಲಿ ಕೊರಳಿಗೆ ಕೈ ಬಿದ್ದಿರುತ್ತದೆ. ಚೀರಾಟ ಕೇಳಿ ನೆರೆಹೊರೆಯ ಬಾಗಿಲುಗಳು ತೆರೆಯುವ ವೇಳೆಗೆ ಬೈಕೂ ಇಲ್ಲ, ಬೈಕಿನ ಮೇಲಿದ್ದವರೂ ಇಲ್ಲ, ಮಾಂಗಲ್ಯದ ಸರವೂ ಇಲ್ಲ. ಅರ್ಧ ಬರೆದ ರಂಗವಲ್ಲಿ ಮಾತ್ರ ಉಳಿದಿರುತ್ತದೆ.

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿ ಮೊದಲಾದ ಪಶ್ಚಿಮ ಬೆಂಗಳೂರಿನ ಬಡಾವಣೆಗಳ ಜನರಿಗೆ ಇಂಥ ಪ್ರಸಂಗ ಅಪರಿಚಿತವಲ್ಲ. ಸರ ಕಿತ್ತವನು ಹತ್ತು ನಿಮಿಷದಲ್ಲಿ ಮಾಗಡಿ ರಸ್ತೆಯನ್ನು ಸೇರಬಲ್ಲ. ಅಲ್ಲಿಂದ ಹೊರವರ್ತುಲ ರಸ್ತೆ, ನಾಯಂಡಹಳ್ಳಿಯ ಕೂಡುರಸ್ತೆ, ಮೈಸೂರಿನ ಹೆದ್ದಾರಿ. ಇಷ್ಟರೊಳಗೆ ಆತ ಹಲವು ಠಾಣೆಗಳ ಸರಹದ್ದನ್ನು ದಾಟಿರುತ್ತಾನೆ. ಕಳ್ಳನಿಗೆ ಠಾಣೆಯ ಗಡಿಯೆಂಬುದಿಲ್ಲ. ಅವನನ್ನು ಹಿಡಿಯಬೇಕಾದವನಿಗೆ ಉಂಟು. ಮಹಾನಗರದ ಪೋಲೀಸ್ ವ್ಯವಸ್ಥೆಯ ಪುನಾರಚನೆ ಎಂಬ ದೊಡ್ಡ ಮಾತಿನ ತಿರುಳೆಲ್ಲ ಈ ಸಣ್ಣ ವ್ಯತ್ಯಾಸದಲ್ಲಿ ಅಡಗಿದೆ. ಗೆರೆಗಳನ್ನು ಹೇಗೆ ಎಳೆಯಬೇಕು? ಗೆರೆಯೊಳಗೆ ಯಾರನ್ನು ನಿಲ್ಲಿಸಬೇಕು? ಗೆರೆ ಎಳೆದ ಮಾತ್ರಕ್ಕೆ ಕಳವು ಕಡಿಮೆಯಾಗುವುದೆ?

ತಳವಾರನಿಂದ ಕಮಿಷನರರವರೆಗೆ

ಹಿಂದಿನ ಕಾಲದ ಹಳ್ಳಿಯಲ್ಲಿ ಈ ಪ್ರಶ್ನೆಗಳಿಗೆ ನೇರವಾದ ಉತ್ತರವಿತ್ತು. ಊರಿಗೊಬ್ಬ ತಳವಾರ, ಅವನಿಗೊಬ್ಬ ತೋಟಿ. ಇನಾಮಿನ ಹೊಲವೋ, ಸುಗ್ಗಿಯಲ್ಲಿ ಸಲ್ಲುವ ಧಾನ್ಯವೋ ಅವರ ಸಂಬಳ. ಊರಿಗೆ ಬಂದ ಅಪರಿಚಿತನಾರು, ಯಾರ ಮನೆಯಲ್ಲಿ ಉಳಿದ, ಎಂದು ಹೊರಟ ಎಂಬುದು ತಳವಾರನಿಗೆ ತಿಳಿದಿರಲೇಬೇಕು. ಕಳವಾದರೆ ಪತ್ತೆ ಹಚ್ಚಬೇಕು, ಇಲ್ಲವೆ ಕಳೆದುದನ್ನು ಕಾವಲಿನವನೇ ತುಂಬಿಕೊಡಬೇಕು ಎಂಬ ಕಟ್ಟಳೆ ದಕ್ಷಿಣ ದೇಶದ ಅನೇಕ ಕಡೆಗಳಲ್ಲಿ ರೂಢಿಯಲ್ಲಿತ್ತು. ಆ ವ್ಯವಸ್ಥೆಯಲ್ಲಿ ಜಾತಿಯ ಕಟ್ಟೂ, ದಬ್ಬಾಳಿಕೆಯೂ ಇದ್ದವೆಂಬುದನ್ನು ಮರೆಯಲಾಗದು. ಆದರೂ ಒಂದು ಗುಣವನ್ನು ಒಪ್ಪಲೇಬೇಕು: ಇಂಥ ಜಾಗಕ್ಕೆ ಇಂಥವನೇ ಹೊಣೆಯೆಂಬುದು ಊರಿಗೆಲ್ಲ ಗೊತ್ತಿತ್ತು.

ನಗರಗಳು ಬೆಳೆದಂತೆ ಈ ಹೊಣೆ ಹರಿದು ಹಂಚಿಹೋಯಿತು. 1829ರಲ್ಲಿ ಲಂಡನ್ನಿನಲ್ಲಿ ಸರ್ ರಾಬರ್ಟ್ ಪೀಲ್ ಹೊಸ ಪೋಲೀಸ್ ದಳವನ್ನು ಸ್ಥಾಪಿಸಿದಾಗ, ನಗರವನ್ನು ವಿಭಾಗಗಳಾಗಿಯೂ, ವಿಭಾಗವನ್ನು ಗಸ್ತಿನ ಬೀದಿಗಳಾಗಿಯೂ ಒಡೆದು ಪ್ರತಿಯೊಂದಕ್ಕೂ ಸಮವಸ್ತ್ರದ ಪೇದೆಯನ್ನು ನಿಯಮಿಸಲಾಯಿತು. ಭಾರತದಲ್ಲಿ ಕಲಕತ್ತೆ, ಮದರಾಸು, ಮುಂಬಯಿಗಳಿಗೆ 19ನೆಯ ಶತಮಾನದ ಮಧ್ಯಭಾಗದಲ್ಲಿಯೇ ಪೋಲೀಸ್ ಕಮಿಷನರರು ಬಂದರು. ಮಿಕ್ಕ ಪ್ರಾಂತಗಳಿಗೆ 1861ರ ಪೋಲೀಸ್ ಅಧಿನಿಯಮ ಬಂದಿತು. ಅದರ ಮೇರೆಗೆ ಜಿಲ್ಲೆಯ ಪೋಲೀಸ್ ಸೂಪರಿಂಟೆಂಡೆಂಟರು ಜಿಲ್ಲಾ ಮ್ಯಾಜಿಸ್ಟ್ರೇಟರ ಮೇಲ್ವಿಚಾರಣೆಗೆ ಒಳಪಟ್ಟರು.

ಬೆಂಗಳೂರಿನ ಕಥೆ ಸ್ವಲ್ಪ ಬೇರೆ. ಇಲ್ಲಿ ಬಹುಕಾಲ ಎರಡು ಊರುಗಳಿದ್ದವು: ಮೈಸೂರು ಸಂಸ್ಥಾನಕ್ಕೆ ಸೇರಿದ ಪೇಟೆ ಒಂದು ಕಡೆ, ಬ್ರಿಟಿಷರ ಆಡಳಿತದಲ್ಲಿದ್ದ ದಂಡು ಇನ್ನೊಂದು ಕಡೆ. 1947ರಲ್ಲಿ ದಂಡು ಪ್ರದೇಶ ಸಂಸ್ಥಾನಕ್ಕೆ ಮರಳಿತು. 1949ರಲ್ಲಿ ಎರಡು ಪುರಸಭೆಗಳೂ ಕೂಡಿ ಒಂದೇ ಕಾರ್ಪೊರೇಷನ್ ಆಯಿತು. 1951ರಲ್ಲಿ ಎಂಟು ಲಕ್ಷಕ್ಕೆ ತುಸು ಕಡಿಮೆಯಿದ್ದ ಜನಸಂಖ್ಯೆ 1961ರ ವೇಳೆಗೆ ಹನ್ನೆರಡು ಲಕ್ಷಕ್ಕೆ ಏರಿತು. ಊರು ಹೀಗೆ ಉಕ್ಕುತ್ತಿರಲು 1963ರಲ್ಲಿ ಬೆಂಗಳೂರಿಗೆ ಪೋಲೀಸ್ ಕಮಿಷನರರ ಹುದ್ದೆ ಸೃಷ್ಟಿಯಾಯಿತು. ಸಿ. ಚಾಂಡಿಯವರು ಮೊದಲ ಕಮಿಷನರರು. ಬೇರೆ ಬೇರೆ ಪ್ರಾಂತಗಳಿಂದ ಬಂದ ಕಾನೂನುಗಳ ಬದಲಿಗೆ ಇಡೀ ರಾಜ್ಯಕ್ಕೆ ಒಂದೇ ಆದ ಪೋಲೀಸ್ ಅಧಿನಿಯಮಕ್ಕೂ 1963ರ ಹೆಸರೇ ಇದೆ.

ಈ ಬದಲಾವಣೆಯ ಮರ್ಮವೇನೆಂದರೆ, ಗಲಭೆಯ ಹೊತ್ತಿನಲ್ಲಿ ನಿಷೇಧಾಜ್ಞೆ ಹೊರಡಿಸಲು ಇನ್ನೊಬ್ಬ ಅಧಿಕಾರಿಯ ಅಪ್ಪಣೆಗಾಗಿ ಕಾಯಬೇಕಾಗಿಲ್ಲ. ಮ್ಯಾಜಿಸ್ಟ್ರೇಟರ ಕೆಲವು ಅಧಿಕಾರಗಳು ಕಮಿಷನರರ ಕೈಯಲ್ಲಿಯೇ ಇರುತ್ತವೆ. ತೀರ್ಮಾನ ಬೇಗ ಆಗುತ್ತದೆ. ಆದರೆ ತೀರ್ಮಾನ ಮಾಡುವವರು ಒಬ್ಬರಾದ ಮಾತ್ರಕ್ಕೆ ಅಡ್ಡರಸ್ತೆಯ ಕತ್ತಲೆ ಕಡಿಮೆಯಾಗುವುದಿಲ್ಲ.

ಮಾಗಡಿ ರಸ್ತೆಯ ಆಚೆಗೆ

ಪಶ್ಚಿಮ ದಿಕ್ಕಿಗೆ ನಗರ ಹಬ್ಬಿದ ಪರಿಯನ್ನು ನೋಡಿದರೆ ಪೋಲೀಸರ ಕಷ್ಟ ಅರ್ಥವಾಗುತ್ತದೆ. 1949ರ ಸುಮಾರಿಗೆ ಕೈಗಾರಿಕಾ ಉಪನಗರವಾಗಿ ರೂಪು ತಳೆದ ರಾಜಾಜಿನಗರಕ್ಕೆ ಆಗಿನ ಗವರ್ನರ್ ಜನರಲ್ ಚಕ್ರವರ್ತಿ ರಾಜಗೋಪಾಲಾಚಾರ್ಯರ ಹೆಸರನ್ನಿಡಲಾಯಿತು. ಕಾರ್ಖಾನೆ ಒಂದೆಡೆ, ಕಾರ್ಮಿಕರ ಮನೆ ಒಂದೆಡೆ, ನಡುವೆ ಸೈಕಲ್ಲಿನ ದಾರಿ. ಸಂಜೆ ಸೈರನ್ನು ಕೂಗಿದರೆ ಯಾರು ಯಾವ ದಾರಿಯಲ್ಲಿ ಬರುವರೆಂಬುದು ಬೀದಿಗೆಲ್ಲ ತಿಳಿದಿತ್ತು. ಅನಂತರ ವಿಜಯನಗರ, ಬಸವೇಶ್ವರನಗರಗಳು ಬೆಳೆದವು. ಕಾಮಾಕ್ಷಿಪಾಳ್ಯದಲ್ಲಿ ಸಣ್ಣ ಕೈಗಾರಿಕೆಗಳು ದಟ್ಟೈಸಿದವು. ವೃಷಭಾವತಿಯ ದಡದ ಕೆಂಗೇರಿ ಬೇರೆಯೇ ಊರಾಗಿದ್ದುದು ನಗರದ ಬಾಗಿಲಾಯಿತು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರೂಪುಗೊಂಡಾಗ ಕೆಂಗೇರಿಯ ಪುರಸಭೆ ಅದರಲ್ಲಿ ಲೀನವಾಯಿತು. 2011ರ ಜನಗಣತಿಯಲ್ಲಿ ನಗರದ ಜನ ಎಂಬತ್ತನಾಲ್ಕು ಲಕ್ಷವನ್ನು ಮೀರಿದ್ದರು. 2021ರ ಆಗಸ್ಟಿನಲ್ಲಿ ಮೆಟ್ರೋ ರೈಲು ಕೆಂಗೇರಿಯನ್ನು ಮುಟ್ಟಿತು. 2023ರಲ್ಲಿ ಚಲ್ಲಘಟ್ಟವನ್ನೂ ತಲಪಿತು. 2025ರ ಸೆಪ್ಟೆಂಬರಿನಲ್ಲಿ ಒಂದೇ ಪಾಲಿಕೆಯ ಬದಲು ಐದು ಪಾಲಿಕೆಗಳಾದವು; ಅವುಗಳಲ್ಲಿ ಬೆಂಗಳೂರು ಪಶ್ಚಿಮವೂ ಒಂದು.

ಮನೆಗಳು ಹೆಚ್ಚಿದವು, ಬಾಡಿಗೆದಾರರು ಹೆಚ್ಚಿದರು, ಆರು ತಿಂಗಳಿಗೊಮ್ಮೆ ನೆರೆಯವರು ಬದಲಾಗತೊಡಗಿದರು. ಗಂಡಹೆಂಡಿರಿಬ್ಬರೂ ಕೆಲಸಕ್ಕೆ ಹೋಗುವ ಮನೆಗಳಿಗೆ ಹಗಲೆಲ್ಲ ಬೀಗ. ವಠಾರದಲ್ಲಿ ಬಾಗಿಲ ಬಳಿ ಕುಳಿತು ಹೋಗಿಬರುವವರನ್ನು ವಿಚಾರಿಸುತ್ತಿದ್ದ ಅಜ್ಜಿಯ ಜಾಗಕ್ಕೆ ಗೋಡೆಯ ಕ್ಯಾಮರಾ ಬಂದಿತು. ಕ್ಯಾಮರಾ ನೋಡುತ್ತದೆ, ನಿಜ. ಆದರೆ ‘ಯಾರಪ್ಪಾ ನೀನು, ಯಾರ ಮನೆ ಬೇಕು?’ ಎಂದು ಕೇಳುವುದಿಲ್ಲ.

ಪೋಲೀಸ್ ಇಲಾಖೆಯೂ ನಗರದ ಹಿಂದೆ ಓಡುತ್ತಲೇ ಬಂದಿದೆ. ಹೊಸ ಬಡಾವಣೆಯಲ್ಲಿ ಮೊದಲು ಮನೆ, ಆಮೇಲೆ ಅಂಗಡಿ, ಅದಾದ ಮೇಲೆ ಕಳವು, ಕೊನೆಗೆ ಠಾಣೆ! ಬಹುಕಾಲ ಪಶ್ಚಿಮ ವಿಭಾಗದ ಒಬ್ಬರೇ ಡೆಪ್ಯುಟಿ ಕಮಿಷನರರು ಉಪ್ಪಾರಪೇಟೆಯ ಸಂತೆಗೂಟದಿಂದ ಹಿಡಿದು ಕೆಂಗೇರಿಯ ಅಂಚಿನವರೆಗೆ ಕಣ್ಣಿಡಬೇಕಾಗಿತ್ತು. ಪೇಟೆಯ ಜೇಬುಗಳ್ಳತನ ಬೇರೆ, ಹೊರವಲಯದ ಒಂಟಿ ಮನೆಯ ಕನ್ನ ಬೇರೆ. ಒಂದೇ ಮದ್ದು ಎರಡಕ್ಕೂ ನಾಟದು. ಈ ಭಾರವನ್ನು ಇಳಿಸುವ ಉದ್ದೇಶದಿಂದಲೇ 2025ರಲ್ಲಿ ನೈರುತ್ಯ, ವಾಯವ್ಯ, ಎಲೆಕ್ಟ್ರಾನಿಕ್ ಸಿಟಿ ಎಂಬ ಮೂರು ಹೊಸ ವಿಭಾಗಗಳನ್ನು ಸೃಷ್ಟಿಸಿ, ಎಂಟಿದ್ದ ವಿಭಾಗಗಳನ್ನು ಹನ್ನೊಂದಕ್ಕೆ ಏರಿಸಲಾಯಿತು.

ಹೊರದೇಶಗಳ ಪಾಠ

ವಿಭಾಗಗಳನ್ನು ಹೆಚ್ಚಿಸುವುದೇ ಸುಧಾರಣೆಯ ಲಕ್ಷಣವೆಂದು ಭಾವಿಸುವವರು ಷಿಕಾಗೋ ನಗರದ ಕಡೆ ಒಮ್ಮೆ ನೋಡಬೇಕು. 1960ರಲ್ಲಿ ಅಲ್ಲಿನ ಕೆಲವು ಪೋಲೀಸರು ಕನ್ನಗಳ್ಳನೊಬ್ಬನೊಡನೆ ಸೇರಿಕೊಂಡು ಅಂಗಡಿಗಳನ್ನು ದೋಚಿದ ಸಂಗತಿ ಬಯಲಾಗಿ ನಗರವೇ ತಲೆ ತಗ್ಗಿಸಿತು. ಇಲಾಖೆಯನ್ನು ಸರಿಪಡಿಸಲು ಕರೆತಂದದ್ದು ಓ. ಡಬ್ಲ್ಯು. ವಿಲ್ಸನ್ ಎಂಬ ಪ್ರಾಧ್ಯಾಪಕರನ್ನು. ಅವರು ಮಾಡಿದ್ದು ವಿಭಾಗಗಳನ್ನು ಹೆಚ್ಚಿಸುವುದಲ್ಲ, ಸುಮಾರು ಅರ್ಧಕ್ಕೆ ಇಳಿಸುವುದು! ರಾಜಕಾರಣಿಗಳ ವಾರ್ಡಿಗೊಂದು ಠಾಣೆಯೆಂಬ ಹಳೆಯ ನಂಟನ್ನು ಕತ್ತರಿಸಿ, ಪೇದೆಗಳನ್ನು ರೇಡಿಯೋ ಅಳವಡಿಸಿದ ಕಾರುಗಳಿಗೆ ಹತ್ತಿಸಿದರು. ಒಂದೂರಿನಲ್ಲಿ ಕೂಡಿಸಿದ್ದು ಸುಧಾರಣೆ, ಇನ್ನೊಂದೂರಿನಲ್ಲಿ ಒಡೆದದ್ದು ಸುಧಾರಣೆ. ಗುಟ್ಟು ಸಂಖ್ಯೆಯಲ್ಲಿಲ್ಲವೆಂದಾಯಿತು.

ಕಾರಿನ ಗಸ್ತು ಸಾಕೆ? ಇದನ್ನು ಪರೀಕ್ಷಿಸಿದವರು ಕಾನ್ಸಾಸ್ ಸಿಟಿಯವರು. 1972-73ರಲ್ಲಿ ಅಲ್ಲಿ ಹದಿನೈದು ಗಸ್ತಿನ ವಲಯಗಳನ್ನು ಮೂರು ಪಾಲು ಮಾಡಿದರು. ಒಂದು ಪಾಲಿಗೆ ಎಂದಿನ ಗಸ್ತು. ಇನ್ನೊಂದಕ್ಕೆ ಎರಡು ಮೂರು ಪಟ್ಟು. ಮತ್ತೊಂದಕ್ಕೆ ಗಸ್ತೇ ಇಲ್ಲ, ಕರೆ ಬಂದರೆ ಮಾತ್ರ ಹೋಗುವುದು. ಒಂದು ವರ್ಷದ ಬಳಿಕ ಲೆಕ್ಕ ನೋಡಿದರೆ ಅಪರಾಧದಲ್ಲಾಗಲಿ ಜನರ ಭಯದಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಗೊತ್ತುಗುರಿಯಿಲ್ಲದೆ ಸುತ್ತುವ ಕಾರು ಪೆಟ್ರೋಲನ್ನು ಸುಡುತ್ತದೆಯೇ ಹೊರತು ಕಳ್ಳನನ್ನು ಬೆದರಿಸುವುದಿಲ್ಲವೆಂಬುದು ಎಲ್ಲರನ್ನೂ ಬೆಚ್ಚಿಬೀಳಿಸಿದ ಸಂಗತಿ. ಅದೇ ದಶಕದ ಕೊನೆಯಲ್ಲಿ ನ್ಯೂಅರ್ಕಿನಲ್ಲಿ ಕಾಲ್ನಡಿಗೆಯ ಗಸ್ತನ್ನು ಪರೀಕ್ಷಿಸಿದಾಗ ಅಪರಾಧ ಅಷ್ಟೇನೂ ಇಳಿಯಲಿಲ್ಲವಾದರೂ ಜನರ ಅಂಜಿಕೆ ಇಳಿಯಿತು.

ಮುಂದೆ ದಾರಿ ತೋರಿದ್ದು ಮಿನಿಯಾಪೊಲಿಸ್ ನಗರ. ಅಲ್ಲಿ ಪೋಲೀಸರಿಗೆ ಬಂದ ಕರೆಗಳನ್ನು ವಿಳಾಸವಾರಾಗಿ ಜೋಡಿಸಿದಾಗ, ನಗರದ ನೂರರಲ್ಲಿ ಮೂರು ವಿಳಾಸಗಳಿಂದಲೇ ಅರ್ಧದಷ್ಟು ಕರೆಗಳು ಬಂದಿದ್ದವು. ಅಪರಾಧವೆಂಬುದು ಮಳೆಯಂತೆ ಊರಿಗೆಲ್ಲ ಸಮನಾಗಿ ಸುರಿಯುವುದಲ್ಲ. ಸೂರಿನ ಕೆಲವು ಕಡೆ ಮಾತ್ರ ಸೋರುವ ನೀರು ಅದು. ಸೋರುವ ಜಾಗವನ್ನು ಗುರುತಿಸಿ ಅಲ್ಲಿ ಹತ್ತು ಹದಿನೈದು ನಿಮಿಷ ನಿಂತು, ಮತ್ತೆ ಹೊತ್ತು ಗೊತ್ತಿಲ್ಲದಂತೆ ಮರಳಿ ಬರುವ ಪೋಲೀಸನು, ದಿನವಿಡೀ ಊರು ಸುತ್ತುವವನಿಗಿಂತ ಹೆಚ್ಚು ಉಪಕಾರಿ. ಕಳ್ಳತನ ಒಂದು ಬೀದಿ ಬಿಟ್ಟು ಮುಂದಿನ ಬೀದಿಗೆ ಹೋಗುವುದೆಂಬ ಶಂಕೆ ಸಹಜ. ಆದರೆ ಇಂಥ ಪ್ರಯೋಗಗಳಲ್ಲಿ ಅನೇಕ ವೇಳೆ ಪಕ್ಕದ ಬೀದಿಗೂ ನೆಮ್ಮದಿ ಹಬ್ಬಿರುವುದು ಕಂಡುಬಂದಿದೆ.

ಪಶ್ಚಿಮ ಬೆಂಗಳೂರಿಗೆ ಈ ಪಾಠವನ್ನು ಅನ್ವಯಿಸುವುದು ಕಠಿನವಲ್ಲ. ಮಾರುಕಟ್ಟೆಯ ಸಂಜೆಯ ಜಂಗುಳಿ, ಬಸ್ಸು ನಿಲ್ದಾಣದ ನೂಕುನುಗ್ಗಲು, ಮೆಟ್ರೋ ನಿಲ್ದಾಣದ ಕೆಳಗೆ ಸಾಲಾಗಿ ನಿಂತ ಬೈಕುಗಳು, ರಂಗವಲ್ಲಿಯ ಹೊತ್ತಿನ ಅಡ್ಡರಸ್ತೆಗಳು, ಮದ್ಯದಂಗಡಿ ಮುಚ್ಚುವ ವೇಳೆಯ ತಿರುವುಗಳು—ಎಲ್ಲಿ, ಯಾವ ಹೊತ್ತಿನಲ್ಲಿ ಎಂಬುದು ಠಾಣೆಯ ದಫ್ತರದಲ್ಲಿಯೇ ಇರುತ್ತದೆ. ಅದನ್ನು ಓದಿ ಗಸ್ತಿನ ಪಟ್ಟಿಯನ್ನು ಬರೆಯುವ ತಾಳ್ಮೆ ಬೇಕು.

ಗಸ್ತಿನವನ ಹೆಗಲ ಮೇಲೆ

ಕರ್ನಾಟಕದ ಪೋಲೀಸ್ ಇಲಾಖೆ 2017ರಲ್ಲಿ ಜಾರಿಗೆ ತಂದ ಸುಧಾರಿತ ಗಸ್ತು ವ್ಯವಸ್ಥೆಯ ಹಿಂದೆ ಹಳೆಯ ತಳವಾರನ ನೆನಪೇ ಇದ್ದಂತಿದೆ. ಠಾಣೆಯ ಸರಹದ್ದನ್ನು ಸಣ್ಣ ಸಣ್ಣ ಗಸ್ತುಗಳಾಗಿ ಹಂಚಿ, ಒಂದೊಂದನ್ನು ಒಬ್ಬೊಬ್ಬ ಪೇದೆ ಅಥವಾ ದಫೇದಾರರಿಗೆ ಹೆಸರಿಸಿ ಒಪ್ಪಿಸುವುದು. ಆ ಜಾಗದ ನಾಗರಿಕರ ಸಮಿತಿಯೊಡನೆ ಆತ ಸಂಪರ್ಕವಿಟ್ಟುಕೊಳ್ಳುವುದು. 2025ರ ಜುಲೈ 18ರಂದು ಗೃಹಮಂತ್ರಿ ಜಿ. ಪರಮೇಶ್ವರರು ಬೆಂಗಳೂರಿನಲ್ಲಿ ಉದ್ಘಾಟಿಸಿದ ‘ಮನೆ ಮನೆಗೆ ಪೋಲೀಸ್’ ಯೋಜನೆ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಜನ ಠಾಣೆಯ ಮೆಟ್ಟಿಲೇರಲು ಅಂಜುವರಾದರೆ ಪೇದೆಯೇ ಮನೆಯ ಮೆಟ್ಟಿಲೇರಲಿ ಎಂಬುದು ಅದರ ತತ್ತ್ವ.

ಯೋಜನೆ ಚೆನ್ನಾಗಿಯೇ ಇದೆ. ಆದರೆ ಯೋಜನೆಯನ್ನು ಹೊತ್ತು ನಡೆಯಬೇಕಾದವನ ದಿನಚರಿ ಹೇಗಿದೆ? ಬೆಳಗ್ಗೆ ತನ್ನ ಗಸ್ತಿನಲ್ಲಿ ಹತ್ತು ಮನೆ ನೋಡಬೇಕೆಂದು ಹೊರಟವನಿಗೆ ಬಂದೋಬಸ್ತಿನ ಕರೆ ಬರುತ್ತದೆ. ಮಂತ್ರಿಗಳ ಸಂಚಾರ, ಮೆರವಣಿಗೆ, ಕ್ರಿಕೆಟ್ ಪಂದ್ಯ, ಸ್ವಾತಂತ್ರ್ಯ ಉದ್ಯಾನದ ಮುಷ್ಕರ, ನ್ಯಾಯಾಲಯದ ಸಮನ್ಸು, ಪಾಸ್‌ಪೋರ್ಟಿನ ವಿಚಾರಣೆ. ಸಂಜೆ ಅವನು ಮರಳುವಾಗ ಗಸ್ತಿನ ಬೀದಿಯಲ್ಲಿ ದೀಪ ಹತ್ತಿರುತ್ತದೆ; ಅವನ ಮನೆಯಲ್ಲಿ ಮಕ್ಕಳು ಮಲಗಿರುತ್ತಾರೆ. 2016ರ ಜೂನ್ ತಿಂಗಳಲ್ಲಿ ರಾಜ್ಯದ ಪೋಲೀಸರು ಸಾಮೂಹಿಕ ರಜೆಯ ಮಾತೆತ್ತಿದ್ದು ಸುಮ್ಮನಲ್ಲ. ಸಂಬಳ, ರಜೆ, ಕೆಲಸದ ಅವಧಿ, ಮೇಲಿನವರ ನಡವಳಿಕೆ, ಇವು ಅವರ ಅಳಲಾಗಿದ್ದವು. ಆ ಬಳಿಕ ಹಿರಿಯ ಅಧಿಕಾರಿ ರಾಘವೇಂದ್ರ ಔರಾದ್ಕರರ ಸಮಿತಿ ವೇತನದ ಪರಿಷ್ಕರಣೆಗೆ ಶಿಫಾರಸು ಮಾಡಿತು. 2025ರ ಅಕ್ಟೋಬರಿನಲ್ಲಿ ಪೇದೆಗಳ ಹಳೆಯ ಮಡಿಚಂಚಿನ ಟೋಪಿ ಹೋಗಿ ಹೊಸ ಟೋಪಿ ಬಂದಿತು. ತಲೆಯ ಮೇಲಿನ ಭಾರ ತಗ್ಗಿತು. ಹೆಗಲ ಮೇಲಿನದು ತಗ್ಗಬೇಕಾಗಿದೆ.

ಈ ತೊಡಕಿಗೆ ಪರಿಹಾರವನ್ನು ಸರ್ವೋಚ್ಚ ನ್ಯಾಯಾಲಯ 2006ರ ಸೆಪ್ಟೆಂಬರ್ 22ರಂದೇ ಸೂಚಿಸಿತ್ತು. ನಿವೃತ್ತ ಪೋಲೀಸ್ ಅಧಿಕಾರಿ ಪ್ರಕಾಶ್ ಸಿಂಗರು ಹೂಡಿದ ಮೊಕದ್ದಮೆಯಲ್ಲಿ ನ್ಯಾಯಾಲಯ ಕೊಟ್ಟ ನಿರ್ದೇಶನಗಳಲ್ಲಿ ಎರಡು ಇಲ್ಲಿ ಮುಖ್ಯ. ಒಂದು: ಠಾಣೆಯ ಮುಖ್ಯಾಧಿಕಾರಿಯೇ ಮೊದಲಾದವರಿಗೆ ಕನಿಷ್ಠ ಎರಡು ವರ್ಷಗಳ ಅವಧಿ ಇರಬೇಕು. ಇನ್ನೊಂದು: ಹತ್ತು ಲಕ್ಷಕ್ಕೂ ಮೀರಿದ ಜನರಿರುವ ನಗರಗಳಿಂದ ಆರಂಭಿಸಿ, ಅಪರಾಧದ ತನಿಖೆಯನ್ನು ಶಾಂತಿಪಾಲನೆಯಿಂದ ಬೇರ್ಪಡಿಸಬೇಕು. ಬೆಂಗಳೂರಿನ ಠಾಣೆಗಳಲ್ಲಿ ಕಾನೂನು ಮತ್ತು ಸುವ್ಯವಸ್ಥೆಗೊಬ್ಬರು, ಅಪರಾಧಕ್ಕೊಬ್ಬರು ಎಂದು ಸಬ್ ಇನ್‌ಸ್ಪೆಕ್ಟರರ ಹುದ್ದೆಗಳು ಬೇರೆಯಾಗಿರುವುದು ನಿಜ. ಆದರೆ ದೊಡ್ಡ ಮೆರವಣಿಗೆಯ ದಿನ ಲಾಠಿ ಹಿಡಿದು ನಿಲ್ಲುವಾಗ ಇಬ್ಬರೂ ಒಂದೇ! ಕಳವಿನ ಕಡತ ಮೇಜಿನ ಮೇಲೆ ಕಾಯುತ್ತ ಕುಳಿತಿರುತ್ತದೆ. ಒಬ್ಬ ಪೇದೆ ತನ್ನ ಬೀದಿಯ ಮುಖಗಳನ್ನು ಕಲಿಯಲು ಒಂದು ವರ್ಷ ಬೇಕು. ಕಲಿತ ವಿದ್ಯೆ ಫಲಿಸಲು ಇನ್ನೊಂದು ವರ್ಷ. ಅಷ್ಟರೊಳಗೆ ವರ್ಗದ ಆಜ್ಞೆ ಬಂದರೆ ಬಿತ್ತಿದವನೊಬ್ಬ, ಕೊಯ್ಯುವವನಿಲ್ಲ ಎಂಬಂತಾಗುತ್ತದೆ.

ಮುಖವಿಲ್ಲದ ಕಳ್ಳ

ಇಷ್ಟೆಲ್ಲ ಬೀದಿಯ ಕಳ್ಳನ ಮಾತಾಯಿತು. ಬೀದಿಗೇ ಬಾರದ ಕಳ್ಳನೊಬ್ಬ ಈಗ ಹುಟ್ಟಿಕೊಂಡಿದ್ದಾನೆ. ಬಸವೇಶ್ವರನಗರದ ನಿವೃತ್ತ ಗುಮಾಸ್ತರೊಬ್ಬರಿಗೆ ದೂರವಾಣಿಯಲ್ಲಿ ‘ನಿಮ್ಮ ಹೆಸರಿನ ಪೊಟ್ಟಣದಲ್ಲಿ ಮಾದಕ ವಸ್ತು ಸಿಕ್ಕಿದೆ, ನೀವು ಬಂಧನದಲ್ಲಿದ್ದೀರಿ’ ಎಂಬ ಗದರಿಕೆ ಬಂದರೆ ಅವರ ಎದೆ ನಡುಗದಿರುವುದೆ? ಜೀವಮಾನದ ಉಳಿತಾಯ ಒಂದು ಮಧ್ಯಾಹ್ನದಲ್ಲಿ ಕರಗುತ್ತದೆ. ಹೊರವರ್ತುಲ ರಸ್ತೆಯಲ್ಲಿ ಓಡಿಹೋಗುವ ಬೈಕೂ ಇಲ್ಲಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯ ಲೆಕ್ಕದಂತೆ ಬೆಂಗಳೂರಿನಲ್ಲಿ 2022ರಲ್ಲಿ 9,940 ಸೈಬರ್ ಅಪರಾಧಗಳು ದಾಖಲಾದವು. 2023ರಲ್ಲಿ ಆ ಸಂಖ್ಯೆ 17,631. ಭಾರತದ ಮೊದಲ ಸೈಬರ್ ಅಪರಾಧ ಠಾಣೆ 2001ರಲ್ಲಿಯೇ ಬೆಂಗಳೂರಿನಲ್ಲಿ ತೆರೆದಿತ್ತು. ಆಮೇಲೆ ವಿಭಾಗಕ್ಕೊಂದರಂತೆ ಸೈಬರ್, ಆರ್ಥಿಕ ಮತ್ತು ಮಾದಕ ದ್ರವ್ಯ ಅಪರಾಧಗಳ ಠಾಣೆಗಳು ಬಂದವು. ಆದರೂ ಇಲ್ಲಿ ಗೆಲ್ಲುವುದು ಠಾಣೆಯ ಸಂಖ್ಯೆಯಲ್ಲ, ಗಡಿಯಾರದ ಮುಳ್ಳು. ಹಣ ಹೋದ ಗಳಿಗೆಯಲ್ಲಿಯೇ 1930ಕ್ಕೆ ಕರೆ ಮಾಡಿದರೆ, ಕಳ್ಳನ ಖಾತೆಯಿಂದ ಮುಂದೆ ಹರಿಯುವ ಮುನ್ನ ಹಣವನ್ನು ತಡೆಹಿಡಿಯುವ ಅವಕಾಶವಿರುತ್ತದೆ. ಮಾರನೆಯ ದಿನ ಅರ್ಜಿ ಹಿಡಿದು ಹೋದರೆ ಸಿಗುವುದು ರಸೀದಿ ಮಾತ್ರ. ಯಾವ ಪೋಲೀಸರೂ ದೂರವಾಣಿಯಲ್ಲಿ ಯಾರನ್ನೂ ಬಂಧಿಸುವುದಿಲ್ಲವೆಂಬ ಒಂದು ವಾಕ್ಯವನ್ನು ಗಸ್ತಿನ ಪೇದೆ ಮನೆಮನೆಗೆ ಮುಟ್ಟಿಸಿದರೆ ಎಷ್ಟೋ ಗುಮಾಸ್ತರ ಉಳಿತಾಯ ಉಳಿದೀತು.

ಅಂಕಿಯ ಮಾಯೆ

ಪುನಾರಚನೆ ಫಲಿಸಿತೆಂದು ತಿಳಿಯುವುದು ಹೇಗೆ? ಅಂಕಿ ಇಳಿದರೆ ಸಾಕೆಂದು ತೋರುವುದು ಸಹಜ. ನ್ಯೂಯಾರ್ಕಿನಲ್ಲಿ 1990ರಲ್ಲಿ 2,245 ಕೊಲೆಗಳಾಗಿದ್ದವು. 1997ರಲ್ಲಿ ಎಂಟುನೂರಕ್ಕಿಂತ ಕಡಿಮೆ. 1994ರಿಂದ ಅಲ್ಲಿನ ಕಮಿಷನರ್ ವಿಲಿಯಂ ಬ್ರಾಟನ್ನರು ವಾರವಾರವೂ ನಕ್ಷೆಗಳನ್ನು ಮುಂದಿಟ್ಟುಕೊಂಡು ಠಾಣೆಯ ಅಧಿಕಾರಿಗಳನ್ನು ಲೆಕ್ಕ ಕೇಳತೊಡಗಿದ್ದರು. ಜಗತ್ತೇ ಅದನ್ನು ಕೊಂಡಾಡಿತು. ಆದರೆ ಇಳಿತ ಅದಕ್ಕೂ ಮುಂಚೆಯೇ ಮೊದಲಾಗಿತ್ತು. ಆ ಪದ್ಧತಿಯಿಲ್ಲದ ನಗರಗಳಲ್ಲಿಯೂ ಅಪರಾಧ ಇಳಿಯಿತು. ಇಷ್ಟೇ ಅಲ್ಲ, ಲೆಕ್ಕ ಕೇಳುವ ಬೆತ್ತ ಬಿಗಿಯಾದಾಗ ದೊಡ್ಡ ಅಪರಾಧವನ್ನು ಚಿಕ್ಕದೆಂದು ಬರೆದುಕೊಳ್ಳುವ ಚಪಲವೂ ಹುಟ್ಟಿತೆಂದು ನಿವೃತ್ತ ಅಧಿಕಾರಿಗಳೇ ಹೇಳಿದರು.

ಈ ಎಚ್ಚರಿಕೆ ಎಲ್ಲ ಊರಿಗೂ ಸಲ್ಲುತ್ತದೆ. ದೂರು ಬರೆದುಕೊಳ್ಳದ ಠಾಣೆಯಲ್ಲಿ ಅಪರಾಧ ಎಂದೂ ಕಡಿಮೆ! ‘ಇದು ನಮ್ಮ ಸರಹದ್ದಲ್ಲ, ಆ ಠಾಣೆಗೆ ಹೋಗಿ’ ಎಂಬ ಮಾತು ಅಂಕಿಯನ್ನು ಇಳಿಸುತ್ತದೆ, ಕಳವನ್ನಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನುಗಳು ಈ ನೆಪವನ್ನು ಕಿತ್ತುಹಾಕಿವೆ. ಘಟನೆ ಎಲ್ಲಿ ನಡೆದಿರಲಿ, ಎದುರಿಗೆ ಸಿಕ್ಕ ಠಾಣೆಯೇ ದೂರನ್ನು ದಾಖಲಿಸಿಕೊಂಡು ಸಂಬಂಧಪಟ್ಟ ಠಾಣೆಗೆ ಕಳುಹಿಸಬೇಕು. ಸರ ಕೀಳುವುದಕ್ಕೂ ಅದೇ ಕಾನೂನಿನಲ್ಲಿ ಪ್ರತ್ಯೇಕ ಹೆಸರು, ಪ್ರತ್ಯೇಕ ಕಲಮು ದೊರೆತಿವೆ. ಆದುದರಿಂದ ಪ್ರಾಮಾಣಿಕವಾಗಿ ನಡೆದ ಪುನಾರಚನೆಯ ಮೊದಲ ವರ್ಷ ಅಂಕಿ ಏರಿದರೆ ಅಂಜಬೇಕಾದುದಿಲ್ಲ. ಮುಚ್ಚಿದ ಬಾಗಿಲು ತೆರೆದಾಗ ಒಳಗಿನ ಧೂಳು ಕಾಣುವುದು ಸ್ವಾಭಾವಿಕ.

ಕೊನೆಗೆ ಉಳಿಯುವ ಅಳತೆಗೋಲು ಬಹಳ ಸರಳವಾದುದು. ಹೊಸ ವಿಭಾಗದ ಕಚೇರಿಗೆ ಬಣ್ಣ ಬಳಿದಾಯಿತೆ ಎಂಬುದಲ್ಲ. ಕ್ಯಾಮರಾಗಳ ಸಂಖ್ಯೆ ಎಷ್ಟು ಸಾವಿರವಾಯಿತೆಂಬುದೂ ಅಲ್ಲ. ಅಡ್ಡರಸ್ತೆಯ ಗೃಹಿಣಿಗೆ ತನ್ನ ಬೀದಿಯ ಗಸ್ತಿನವನ ಹೆಸರು ಗೊತ್ತೆ? ಬೀಗ ಹಾಕಿ ಊರಿಗೆ ಹೊರಟಾಗ ಅವನಿಗೊಂದು ಮಾತು ಹೇಳುವ ಸಲಿಗೆ ಆಕೆಗೆ ಉಂಟೆ? ಆ ಗಸ್ತಿನವನಿಗೆ ರಾತ್ರಿಯ ನಿದ್ದೆ, ವಾರಕ್ಕೊಂದು ಬಿಡುವು, ಎರಡು ವರ್ಷ ಅಲ್ಲಿಯೇ ಇರುವೆನೆಂಬ ನೆಚ್ಚಿಕೆ ಉಂಟೆ? ಈ ಪ್ರಶ್ನೆಗಳಿಗೆ ಹೌದೆಂಬ ಉತ್ತರ ಬಂದ ದಿನ, ನಕ್ಷೆಯಲ್ಲಿ ಎಳೆದ ಗೆರೆಗಳು ಸಾರ್ಥಕವಾದುವೆಂದು ತಿಳಿಯಬಹುದು.

ಬೆಳಗಿನ ಜಾವ ಐದೂವರೆಗೆ ಆ ಅಡ್ಡರಸ್ತೆಯ ತಿರುವಿನಲ್ಲಿ ಒಬ್ಬ ಪೇದೆ ನಿಂತಿದ್ದರೆ, ವಿಳಾಸ ಕೇಳುವ ನೆಪದ ಬೈಕು ಮುಂದೆ ಬಾರದೆ ಹಾಗೆಯೇ ಹಿಂದಿರುಗುತ್ತದೆ. ಆ ದಿನ ಯಾರನ್ನೂ ಹಿಡಿದಿರುವುದಿಲ್ಲ, ಯಾವ ಕಡತವೂ ಹುಟ್ಟಿರುವುದಿಲ್ಲ, ಅವನಿಗೆ ಯಾವ ಪದಕವೂ ಬರುವುದಿಲ್ಲ. ಅಂಗಳದಲ್ಲಿ ರಂಗವಲ್ಲಿ ಮಾತ್ರ ಪೂರ್ತಿಯಾಗಿರುತ್ತದೆ.